ಎಮ್ಮೆ ಕಟ್ಟಲು ಜಾಗವಿರುವ ಊರು

ತಕ್ಕಡಿಯ ಗಾಜಿನ ಪೆಟ್ಟಿಗೆಯೊಳಗೆ ಬೂಷ್ಟು ಬೆಳೆದದ್ದು ಕಂಡ ದಿನವೇ ನಾನು ಬೆಳಗಾವಿಯ ಮೇಲಿನ ಕಚೇರಿಗೆ ಪತ್ರ ಬರೆದೆ. ಈ ಕಟ್ಟಡದಲ್ಲಿ ಇನ್ನು ಮಣ್ಣು ತೂಗಲು ಬರುವುದಿಲ್ಲ, ತೂಗಿ ಕಳಿಸಿದರೂ ನೀವು ಅದನ್ನು ನಂಬಬೇಡಿ ಎಂದು ನೇರವಾಗಿಯೇ ಬರೆದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮಣ್ಣು ಮತ್ತು ನೀರು ಪರೀಕ್ಷಾ ಕೇಂದ್ರ ಉಗಾರ ಬುದ್ರುಕದಲ್ಲಿ, ಕೃಷ್ಣೆಯ ದಂಡೆಗೆ ಹತ್ತಿರವಿದ್ದ ಹಳೆಯ ಬಾಡಿಗೆ ಮನೆಯೊಂದರಲ್ಲಿತ್ತು. ಹೊಳೆ ತುಂಬಿದಾಗಲೆಲ್ಲ ಆ ಮನೆಯ ಗೋಡೆಗಳು ಎದೆಮಟ್ಟದವರೆಗೆ ನೀರು ಹೀರುತ್ತಿದ್ದವು, ಬೇಸಿಗೆ ಬಂದರೂ ಒಣಗುತ್ತಿರಲಿಲ್ಲ. ಕಾಗವಾಡದಿಂದ, ರಾಯಬಾಗದ ಕಡೆಯಿಂದ ಕಬ್ಬಿನ ರೈತರು ಚೀಲದಲ್ಲಿ ತಂದುಕೊಟ್ಟ ಮಣ್ಣನ್ನು ನಾವು ನೆರಳಲ್ಲಿ ಹರವಿ, ಕುಟ್ಟಿ, ಜರಡಿ ಹಿಡಿದು ಇಡುತ್ತಿದ್ದೆವು. ಎರಡು ದಿನ ಕಳೆಯುವಷ್ಟರಲ್ಲಿ ಅದು ಮತ್ತೆ ಹಸಿಯಾಗುತ್ತಿತ್ತು.

ದಸರೆ ಮುಗಿದ ಮೇಲೆ ನಮ್ಮ ಮೇಲಧಿಕಾರಿ ಜೀಪಿನಲ್ಲಿ ಬಂದರು. ಗೋಡೆಗೆ ಕೈ ಇಟ್ಟು ನೋಡಿ, ಕರವಸ್ತ್ರಕ್ಕೆ ಒರೆಸಿಕೊಂಡರು.

"ಜಾಗಾ ಬದಲ್ ಮಾಡೂಣು. ಆದ್ರ ಮತ್ತ ಹಳ್ಳಿ ಬ್ಯಾಡ. ನಾಕು ಮಂದಿ ಊರು ಅನ್ನೂವಂಥಾ ಊರು ನೋಡ್ರಿ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ರಾಯಬಾಗ, ಯಾವದರೆ ಆಗ್ಲಿ" ಎಂದರು.

ಅದರ ಜೊತೆಗೆ ಒಂದು ಷರತ್ತು ಇತ್ತು. ಕೇಂದ್ರದ ಆರು ಜನ ಖಾಯಂ ನೌಕರರು ಸಂಸಾರ ಸಮೇತ ಆ ಊರಿಗೆ ಬಂದು ಇರುತ್ತೇವೆಂದು ಸಹಿ ಮಾಡಿಕೊಡಬೇಕು. ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತೇವೆ ಎಂಬ ಮಾತನ್ನು ಅವರು ಕೇಳಲು ತಯಾರಿರಲಿಲ್ಲ. ಸಂಕ್ರಾಂತಿಯೊಳಗೆ ಆರು ಸಹಿ ಬರದಿದ್ದರೆ ಕೇಂದ್ರವನ್ನು ಮುಚ್ಚಿ, ಯಂತ್ರಗಳನ್ನೂ ನಮ್ಮನ್ನೂ ಬೆಳಗಾವಿಗೆ ಸೇರಿಸಿಬಿಡುವುದು ಅವರ ವಿಚಾರ. ಖಾಯಂ ಆದ ನಮಗೆ ಅದರಿಂದ ತೊಂದರೆ ಇತ್ತೇ ಹೊರತು ನಷ್ಟವಿರಲಿಲ್ಲ. ನಷ್ಟವಾಗುತ್ತಿದ್ದದ್ದು ಏಳನೆಯವರಿಗೆ, ಗಾಜು ತೊಳೆಯುವ ಅಕ್ಕನಿಗೆ.

ಅಕ್ಕ ದಿನಗೂಲಿಯವರು. ಗಂಡ ತೀರಿದ ವರ್ಷ ಕೆಲಸಕ್ಕೆ ಬಂದವರು, ಒಂಬತ್ತು ವರ್ಷ ಮುಗಿಸಿದ್ದರು. ಹತ್ತು ವರ್ಷ ಎಡೆಬಿಡದೆ ದುಡಿದ ದಿನಗೂಲಿಯವರನ್ನು ಖಾಯಂ ಮಾಡಬೇಕೆಂಬ ನಿಯಮ ನಮ್ಮಲ್ಲಿತ್ತು. ಕೇಂದ್ರ ಬೆಳಗಾವಿಗೆ ಹೋದರೆ ಅವರ ಒಂಬತ್ತು ವರ್ಷವೂ ನೀರುಪಾಲು. ಮಗಳೊಬ್ಬಳು ಹೈಸ್ಕೂಲು ಓದುತ್ತಿದ್ದಳು.

ಗಾಜು ತೊಳೆಯುವುದೆಂದರೆ ಪಾತ್ರೆ ತಿಕ್ಕಿದಂತೆ ಎಂದು ಹೊರಗಿನವರು ತಿಳಿಯುತ್ತಾರೆ. ಮೊದಲು ಸೋಪು, ಆಮೇಲೆ ಆ್ಯಸಿಡ್ಡಿನಲ್ಲಿ ನೆನೆಸುವುದು, ಆಮೇಲೆ ನಳದ ನೀರು, ಕೊನೆಗೆ ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ ಜಾಲಿಸುವುದು. ಒಳಗೆ ನೀರು ಎಲ್ಲೂ ಹನಿಗಟ್ಟದೆ ಒಂದೇ ಪದರವಾಗಿ ಇಳಿದರೆ ಗಾಜು ಶುದ್ಧ. ಅಕ್ಕ ಒಮ್ಮೆ ನಾಲ್ಕು ದಿನ ತವರಿಗೆ ಹೋಗಿದ್ದಾಗ ನಾವು ಗಂಡಸರು ತೊಳೆದುಕೊಂಡೆವು. ಆ ನಾಲ್ಕು ದಿನ ಬಂದ ಮಣ್ಣೆಲ್ಲ ನಮ್ಮ ಹಾಳೆಯ ಮೇಲೆ ಸವಳಾಯಿತು. ಯಾರ ಹೊಲದಲ್ಲೂ ಇಲ್ಲದ ಉಪ್ಪು ನಮ್ಮ ಗಾಜಿನಲ್ಲಿತ್ತು. ಅಷ್ಟನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಊರು ಹುಡುಕುವ ಕೆಲಸವನ್ನು ನಾನು ನನ್ನ ಪದ್ಧತಿಯಂತೆ ಹಿಡಿದೆ. ಅಳೆಯಲು ಬಾರದ್ದನ್ನು ನಾನು ಆಗ ನಂಬುತ್ತಿರಲಿಲ್ಲ. ದೊಡ್ಡ ಹಾಳೆಯೊಂದಕ್ಕೆ ಗೆರೆ ಎಳೆದು ಎಡಗಡೆ ಊರುಗಳನ್ನು ಬರೆದೆ. ಮೇಲೆ ಬಾಡಿಗೆ, ನೀರು, ಶಾಲೆ, ಸಂತೆ, ಬಸ್ಸು. ಆಸ್ಪತ್ರೆ ಎಂಬ ಕಲಮಿನಲ್ಲಿ ಮಿರಜಿಗೆ ಎಷ್ಟು ತಾಸು ಎಂದು ಬರೆಯುವುದು. ನಮ್ಮ ಕಡೆ ದೊಡ್ಡ ಕಾಯಿಲೆ ಬಂದರೆ ಗಡಿ ದಾಟಿ ಮಿರಜಿಗೇ ಓಡುವುದು ರೂಢಿ. ಪ್ರತಿ ಕಲಮಿಗೆ ಹತ್ತು ಅಂಕ. ಜೀಪಿನಲ್ಲಿ ಹನ್ನೆರಡು ಖಾಲಿ ಬಾಟಲಿ ಇಟ್ಟುಕೊಂಡು ನಾನೂ ಚಾಲಕನೂ ಹೊರಟೆವು.

ನಿಪ್ಪಾಣಿ ಮೊದಲು. ದೊಡ್ಡ ರಸ್ತೆ, ತುಂಬಿದ ಅಂಗಡಿಗಳು, ಬೇಕಾದ್ದು ಬೇಕಾದಾಗ ಸಿಗುವ ಊರು. ಅಲ್ಲಿ ನಮಗೆ ತೋರಿಸಿದ ಮನೆಗಳು ತಂಬಾಕಿನ ಗೋದಾಮಿನ ಬೆನ್ನಿಗಿದ್ದವು. ಚಾಲಕ ಹೊಸ್ತಿಲ ಮೇಲೆ ನಿಂತು ಒಂದೇ ಸಮನೆ ಸೀನಿದ. ಮನೆಯ ಮಾಲೀಕರು, ವಯಸ್ಸಾದವರು, ಅವನ ಸೀನು ಮುಗಿಯುವವರೆಗೆ ಸಮಾಧಾನದಿಂದ ಕಾದರು.

"ಎಂಟ ದಿನಾ ಹಿಂಗ ಆಗ್ತೈತ್ರಿ, ಮುಂದ ಸವಯ್ ಆಗ್ತೈತಿ. ಭಾಡಾ ಮಾತ್ರ ಕಮೀ ಹೋಣಾರ ನಾಹೀ. ತಗೊಳ್ಳೂದಿದ್ರ ತಗೋರಿ, ಹಿಂದ ಮಂದಿ ನಿಂತಾರ" ಎಂದರು.

ಮರಾಠಿ ಬೆರೆಸಿ ಅವರು ಹೇಳಿದ್ದು, ಗಾಳಿ ಒಗ್ಗಿಹೋಗುತ್ತದೆ, ಬಾಡಿಗೆ ಮಾತ್ರ ಇಳಿಯದು ಎಂದು. ಆ ಬಾಡಿಗೆಗೆ ನಮ್ಮ ಗುಮಾಸ್ತನ ಸಂಬಳದ ಮೂರರಲ್ಲಿ ಒಂದು ಪಾಲು ಹೋಗುತ್ತಿತ್ತು. ನೀರಿನ ಬಾಟಲಿ ತುಂಬಿಕೊಂಡು ಬಂದೆವು.

ಚಿಕ್ಕೋಡಿ ಕಚೇರಿಗಳ ಊರು. ವರ್ಗವಾಗಿ ಬರುವವರು ಹೋಗುವವರ ಮನೆಗೆ ಮೊದಲೇ ಹೇಳಿಟ್ಟಿರುತ್ತಾರೆ. ಒಂದು ಮನೆ ಖಾಲಿಯಾಗುವುದಕ್ಕೆ ಮೊದಲೇ ಇನ್ನೊಬ್ಬರ ಟ್ರಂಕು ಪಡಸಾಲೆಯಲ್ಲಿ ಕುಳಿತಿರುತ್ತದೆ. ಮೂರು ಮನೆ ಸಿಕ್ಕವು, ಮೂರು ದಿಕ್ಕಿಗೆ. ಒಂದು ಓಣಿಯಲ್ಲಿ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ದಿನಾ ಎಷ್ಟು ತಾಸು ನಿಲ್ಲಬೇಕಾಗುತ್ತದೆ ಎಂದು ಒಬ್ಬರನ್ನು ಕೇಳಿದೆ.

"ನಿಂತಾಗ ತಾಸ ಯಾರ ನೋಡ್ತಾರ್ರಿ? ನೀವ ಬರಕೊಳ್ಳಾಕ ಬಂದೀರಿ, ನೀವ ನಿಂತ ನೋಡ್ರಿ" ಎಂದರು ಆಕೆ. ಸಾಲೆಲ್ಲ ನಕ್ಕಿತು. ನಾನು ಆ ಕಲಮಿಗೆ ಮೂರು ಅಂಕ ಬರೆದು ಜೀಪು ಹತ್ತಿದೆ.

ರಾಯಬಾಗಕ್ಕೆ ರೈಲಿದೆ, ಆದರೆ ಆರು ಸಂಸಾರಕ್ಕೆ ಒಟ್ಟಿಗೆ ಮನೆ ಸಿಗಲಿಲ್ಲ. ಹಾರೂಗೇರಿಯಲ್ಲಿ ಬಾಡಿಗೆ ಅಗ್ಗ, ಸಂತೆ ಜೋರು. ನನಗೆ ಹಿಡಿಸಿತ್ತು. ಮೇಲಧಿಕಾರಿಗೆ ಫೋನಿನಲ್ಲಿ ಹೆಸರು ಹೇಳಿದೊಡನೆ, "ಅದು ನಿಮ್ಮ ಉಗಾರದ ಅಣ್ಣ ಅಷ್ಟ" ಎಂದು ಇಟ್ಟುಬಿಟ್ಟರು.

ಅಥಣಿಯಲ್ಲಿ ನಮ್ಮ ಅದೃಷ್ಟ ತೆರೆಯಿತು. ಬಟ್ಟೆ ವ್ಯಾಪಾರಿಯೊಬ್ಬರು ಹೊಸ ಬಡಾವಣೆಯಲ್ಲಿ ಆರು ಮನೆಗಳ ಸಾಲೊಂದನ್ನು ಕಟ್ಟಿಸಿ ಬಾಡಿಗೆದಾರರಿಗಾಗಿ ಕಾಯುತ್ತಿದ್ದರು. ನೆಲಕ್ಕೆ ಹೊಳೆಯುವ ಫರಸಿ ಕಲ್ಲು, ಮನೆಗೊಂದು ನಳ, ಹತ್ತಿರದಲ್ಲೇ ಕನ್ನಡ ಹೈಸ್ಕೂಲು. ಬಾಡಿಗೆ ನಿಪ್ಪಾಣಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಾನು ನಳವನ್ನು ಎರಡು ನಿಮಿಷ ಹರಿಯಬಿಟ್ಟು, ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ಜಾಲಿಸಿ, ತುಂಬಿ, ಚೀಟಿ ಅಂಟಿಸಿದೆ.

ಕೇಂದ್ರಕ್ಕೆ ಬಂದು ಎಲ್ಲ ಬಾಟಲಿಗಳನ್ನೂ ಪರೀಕ್ಷೆಗೆ ಹಚ್ಚಿದೆ. ನೀರಿನಲ್ಲಿ ಉಪ್ಪೆಷ್ಟಿದೆ ಎಂದು ನೋಡಲು, ಅದಕ್ಕೆ ಹಳದಿ ಬಣ್ಣದ ದ್ರಾವಣ ಬೆರೆಸಿ ಮೇಲಿನಿಂದ ಬೆಳ್ಳಿಯ ಲವಣದ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಹಳದಿ ಹೋಗಿ ಇಟ್ಟಿಗೆಯ ಬಣ್ಣ ತಿರುಗಿದ ಕ್ಷಣ ಕೈ ನಿಲ್ಲಿಸಬೇಕು. ಹೆಚ್ಚು ಹನಿ ಕುಡಿದರೆ ಹೆಚ್ಚು ಉಪ್ಪು. ಅಥಣಿಯ ನಳದ ನೀರು ಬೇಗನೆ ಬಣ್ಣ ತಿರುಗಿತು. ಅಂಕ ಕೂಡಿಸಿದೆ. ಅಥಣಿ ಎಲ್ಲಕ್ಕಿಂತ ಬಹಳ ಮುಂದಿತ್ತು. ಇಷ್ಟು ಚೊಕ್ಕಟವಾಗಿ ಊರು ಆರಿಸಿದವರು ಇಲಾಖೆಯಲ್ಲೇ ಯಾರೂ ಇರಲಿಕ್ಕಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಹಾಳೆಯನ್ನು ಗೋಡೆಗೆ ತೂಗುಹಾಕಿ ಎಲ್ಲರನ್ನೂ ಕರೆದೆ. ಕಲಮು ಕಲಮಾಗಿ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ಒಪ್ಪಿಗೆಯ ಹಾಳೆ ಮುಂದಿಟ್ಟಾಗ ಮದುವೆಯಾಗದ ಸಹಾಯಕನೊಬ್ಬ ಸಹಿ ಹಾಕಿದ. ಕೇಂದ್ರದ ಹೊಣೆ ಹೊತ್ತವನು ಕೊನೆಗೆ ಹಾಕುವುದು ಪದ್ಧತಿ, ಹಾಗಾಗಿ ನಾನು ಕಾದೆ. ಗುಮಾಸ್ತ, "ಮನ್ಯಾಗ ಒಂದು ಮಾತು ಕೇಳಿ ಹೇಳ್ತೇನ್ರಿ" ಎಂದ. ಚಾಲಕ ಜೀಪು ತೊಳೆಯಲು ಹೋದ. ಉಳಿದಿಬ್ಬರು ಹೊಲದ ಕೆಲಸದವರು ಕಿಟಕಿಯಿಂದ ಹೊರಗೆ ನೋಡಿದರು.

ಮೂರು ವಾರ ಹೀಗೇ ಕಳೆಯಿತು. ದಿನಾ ಒಂದೊಂದು ನೆಪ. ಗುಮಾಸ್ತನ ತಾಯಿಗೆ ಮೊಣಕಾಲು ನೋವಂತೆ. ಚಾಲಕನ ಹೆಂಡತಿಗೆ ಅಥಣಿಯ ಗಾಳಿ ಆಗಿಬರುವುದಿಲ್ಲವಂತೆ, ಆಕೆ ಅಥಣಿಯನ್ನು ನೋಡಿಯೇ ಇರಲಿಲ್ಲ. ನನಗೆ ಸಿಟ್ಟು ಬಂತು. ಇವರಿಗಾಗಿ ಇಷ್ಟು ಓಡಾಡಿದೆ, ಹಾಳೆ ನೋಡಿದರೆ ಕುರುಡನಿಗೂ ತಿಳಿಯುತ್ತದೆ, ಇವರಿಗೆ ಮಾತ್ರ ತಿಳಿಯುವುದಿಲ್ಲ ಎಂದು ಮನೆಯಲ್ಲಿ ಹೆಂಡತಿಯ ಮುಂದೆ ಗೊಣಗಿದೆ. ಅವಳು ಹಿತ್ತಲಲ್ಲಿ ಕುಳಿತು ಹಾಲು ಹಿಂಡುತ್ತಿದ್ದಳು. ಹಿಂಡುವುದನ್ನು ನಿಲ್ಲಿಸದೆಯೇ ಕೇಳಿದಳು:

"ನೀವು ಸಹಿ ಮಾಡೀರೇನು?"

"ಇಲ್ಲ. ಕಡೀಕ ಮಾಡ್ತೀನಿ."

"ಮಾಡೂಕಿಂತ ಮೊದಲ ಇಷ್ಟು ಹೇಳ್ರಿ. ಈ ಎಮ್ಮಿ ಎಲ್ಲಿ ಕಟ್ಟಲಿ? ನಿಮ್ಮ ಹಾಳೀ ಮ್ಯಾಲೇನು?"

ಮದುವೆಯಾಗದ ಆ ಸಹಾಯಕನೊಬ್ಬನನ್ನು ಬಿಟ್ಟರೆ ಉಗಾರದಲ್ಲಿ ನಮ್ಮ ಐದೂ ಮನೆಗಳಲ್ಲಿ ಎಮ್ಮೆಗಳಿದ್ದವು. ಸಂಬಳದವರು, ಸೈಕಲ್ಲಿನವರು, ಗಡಿಯಾರ ಕಟ್ಟಿದವರು, ಎಲ್ಲರ ಹಿತ್ತಲಲ್ಲೂ ಎಮ್ಮೆ. ಬಾಡಿಗೆ ಹೋಗುವುದು ಹಾಲಿನ ದುಡ್ಡಿನಿಂದ, ಮಕ್ಕಳ ಪುಸ್ತಕ ಬರುವುದು ಹಾಲಿನ ದುಡ್ಡಿನಿಂದ. ಸಂಬಳದ ಅಳತೆಯಲ್ಲಿ ಅಥಣಿಯ ಫರಸಿ ಮನೆ ಅಗ್ಗ. ಎಮ್ಮೆ ಮಾರಿ, ಕುಡಿಯುವ ಹಾಲನ್ನೂ ಕೊಂಡು ಬದುಕುವುದಾದರೆ ಅದೇ ಮನೆ ಯಾರ ಕೈಗೂ ನಿಲುಕುತ್ತಿರಲಿಲ್ಲ. ಇಷ್ಟು ದೊಡ್ಡ ಸಂಗತಿ ನನ್ನ ಹಾಳೆಯಲ್ಲಿ ಇರಲಿಲ್ಲ. ಎಮ್ಮೆ ನಮ್ಮ ಕಡೆ ಮನೆಯ ಗೋಡೆಯಷ್ಟೇ ಸಹಜವಾದ್ದರಿಂದ ಅದನ್ನು ಬರೆಯಬೇಕೆಂದು ಹೊಳೆದೇ ಇರಲಿಲ್ಲ. ಬೆಳಿಗ್ಗೆ ಅದೇ ಎಮ್ಮೆಯ ಹಾಲಿನ ಚಹಾ ಕುಡಿದು ನಾನು ಊರು ಅಳೆಯಲು ಹೋಗಿದ್ದೆ. ಹೆಂಡತಿಯ ಮುಂದೆ ನಾಚಿಕೆಯೂ ಆಯಿತು, ನಗುವೂ ಬಂತು.

ಮರುದಿನ ಎಲ್ಲರನ್ನೂ ಕೂರಿಸಿ ಒಂದೇ ಪ್ರಶ್ನೆ ಕೇಳಿದೆ. "ಯಾರ್ಯಾರ ಮನ್ಯಾಗ ಎಷ್ಟು ಎಮ್ಮಿ ಅದಾವ?"

ಮುಖಗಳೆಲ್ಲ ಸಡಿಲಾದವು. ಗುಮಾಸ್ತ ಪೆನ್ನಿನ ಮುಚ್ಚಳ ತಿರುಗಿಸುತ್ತ, "ಸಾಹೇಬ್ರು ಊರು ಅನ್ನೂವಂಥಾ ಊರು ಬೇಕು ಅಂದಿದ್ರಲ್ರಿ. ಅಂಥಾದ್ರಾಗ ನಾ ಎಮ್ಮಿ ಸಲುವಾಗಿ ಒಲ್ಲೆ ಅಂದ್ರ ಹೆಂಗ ಕಾಣ್ತೈತಿ? ನಾಚಿಕಿ ಬಂತ್ರಿ" ಎಂದ. ಎಣಿಸಿದೆವು. ಒಂಬತ್ತಾದವು.

"ಹನ್ನೊಂದ್ರಿ" ಎಂದರು ಅಕ್ಕ, ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ. "ನನ್ನೂ ಎರಡ ಬಿಟ್ರಿ."

ಬಿಟ್ಟಿದ್ದೆವು. ಅವರ ಹೆಸರು ಪಟ್ಟಿಯಲ್ಲೇ ಇರಲಿಲ್ಲವಾದ್ದರಿಂದ ಅವರ ಎಮ್ಮೆಗಳೂ ಬಂದಿರಲಿಲ್ಲ. ಹನ್ನೊಂದು ಎಂದು ತಿದ್ದಿದೆ.

ಮತ್ತೆ ಅಥಣಿಗೆ ಹೋದೆ. ಬಟ್ಟೆ ವ್ಯಾಪಾರಿ ನನ್ನ ಮಾತು ಕೇಳಿ ತಮ್ಮ ಹೊಸ ನೆಲವನ್ನೂ ನನ್ನ ಮುಖವನ್ನೂ ಒಂದೊಂದು ಸಲ ನೋಡಿದರು. "ಎಮ್ಮೀ? ಈ ಫರಸಿ ಮ್ಯಾಲ? ನಮಸ್ಕಾರ್ರಿ ಸರ" ಎಂದು ಕೈ ಮುಗಿದರು. ಊರ ಅಂಚಿನಲ್ಲಿ ಹುಡುಕಿದೆ. ವಿಶಾಲ ಹಿತ್ತಲಿನ ಮನೆಗಳು ಒಂದು ಮಗ್ಗುಲಿಗೆ ಸಿಕ್ಕವು, ಬಾಡಿಗೆಯೂ ಕಡಿಮೆ. ಆದರೆ ನಳವಿಲ್ಲ, ಬಾವಿ. ಆ ಬಾವಿಯ ನೀರಿಗೆ ಹನಿ ಬಿಡುತ್ತ ಹೋದೆ, ಕೊಳವೆಯೆಲ್ಲ ಖಾಲಿಯಾದರೂ ಹಳದಿ ಹಳದಿಯೇ ಉಳಿಯಿತು. ಇನ್ನೊಂದು ಬಾವಿಯದು ಅಷ್ಟು ಕೆಟ್ಟದಿರಲಿಲ್ಲ. ನನ್ನ ಅಳತೆಯ ಪ್ರಕಾರ ಕುಡಿಯಲು ನಡೆಯುತ್ತಿತ್ತು.

ಈ ಸಲ ನನ್ನ ಅಳತೆಯನ್ನು ನಾನೇ ಪೂರ್ತಿ ನಂಬಲಿಲ್ಲ. ಮುಂದಿನ ವಾರ ಜೀಪಿನಲ್ಲಿ ಮೂವರು ಹೆಂಗಸರನ್ನು ಕರೆದುಕೊಂಡು ಹೋದೆ: ನನ್ನ ಹೆಂಡತಿ, ಗುಮಾಸ್ತನ ಹೆಂಡತಿ, ಗಾಜಿನ ಅಕ್ಕ. ಸರ್ಕಾರಿ ಜೀಪಿನಲ್ಲಿ ಹೆಂಗಸರನ್ನು ಕೂರಿಸಿದ್ದಕ್ಕೆ ಕಾರಣವೇನೆಂದು ಪುಸ್ತಕದಲ್ಲಿ ಬರೆಯಬೇಕಿತ್ತು. 'ನೀರಿನ ಪರೀಕ್ಷೆ' ಎಂದು ಬರೆದೆ. ಅದು ಸುಳ್ಳಾಗಲಿಲ್ಲ.

ಅವರು ನೋಡಿದ ರೀತಿಯೇ ಬೇರೆ. ನಾನು ಮನೆಯೊಳಗಿನ ಕೋಣೆ ಎಣಿಸುತ್ತಿದ್ದರೆ ಅವರು ಹಿಂದಿನ ಬಾಗಿಲಿನಿಂದ ನೇರ ಹಿತ್ತಲಿಗೆ ಹೋದರು. ಹೆಂಡತಿ ಒಂದು ಚೊಂಬು ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆಂದು ನೋಡಿದಳು. ಗಂಜಲ ಅಡುಗೆಮನೆಯ ಕಡೆಗೇ ಬರುತ್ತದೆ, ಬೇಡ ಎಂದಳು. ಮಧ್ಯಾಹ್ನದ ಹೊತ್ತಿಗೆ ನೆರಳು ಎಲ್ಲಿ ಬೀಳುತ್ತದೆ, ತಿಪ್ಪೆ ಎಲ್ಲಿ ಹಾಕುವುದು, ಪಕ್ಕದ ಮನೆಯವರು ಜಗಳಗಂಟರೇ, ಎಲ್ಲ ವಿಚಾರಿಸಿದರು. ಗುಮಾಸ್ತನ ಹೆಂಡತಿ ಗಂಟಿನಲ್ಲಿ ತಂದಿದ್ದ ತೊಗರಿಬೇಳೆಯನ್ನು ಪಕ್ಕದ ಮನೆಯ ಒಲೆಯ ಮೇಲೆ ಬೇಯಲು ಇಟ್ಟೇಬಿಟ್ಟಳು. ನನ್ನ ಅಳತೆಯಲ್ಲಿ ಪಾಸಾದ ಆ ನೀರಿನಲ್ಲಿ ಬೇಳೆ ಒಂದು ತಾಸಾದರೂ ಕಾಳುಕಾಳಾಗಿಯೇ ಇತ್ತು.

ಅಕ್ಕ ಬೇರೆಯೇ ಪರೀಕ್ಷೆ ಮಾಡಿದರು. ಸೆರಗಿನಲ್ಲಿ ಸುತ್ತಿ ತಂದಿದ್ದ ಒಂದು ಗಾಜಿನ ಬಟ್ಟಲನ್ನು ಆ ನೀರಿನಲ್ಲಿ ಜಾಲಿಸಿ ಜೀಪಿನ ಮೂತಿಯ ಮೇಲೆ ಬಿಸಿಲಿಗೆ ಒಣಗಿಸಿದರು. ಒಣಗಿದ ಮೇಲೆ ನನಗೆ ತೋರಿಸಿದರು. ಗಾಜಿನ ಮೇಲೆ ತೆಳ್ಳಗೆ ಬಿಳಿ ಹೊದಿಕೆ ಕೂತಿತ್ತು.

"ಮಂದಿ ಕುಡೀಬಹುದ್ರಿ. ಇದ್ರಾಗ ನನ್ನ ಗಾಜ ತೊಳ್ಯಾಕ ಬರೂದಿಲ್ಲ" ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. ನೀರು ಗಡಸು, ನಾನು ಅಳೆದದ್ದು ಉಪ್ಪನ್ನು ಮಾತ್ರ. ಬಟ್ಟಿ ಇಳಿಸುವ ಯಂತ್ರವೂ ಆ ನೀರಿಗೆ ತಿಂಗಳಲ್ಲಿ ಕಟ್ಟಿಕೊಳ್ಳುತ್ತಿತ್ತು. ಸಂಸಾರಗಳ ಚಿಂತೆಯಲ್ಲಿ ಕೇಂದ್ರಕ್ಕೂ ನೀರು ಬೇಕೆಂಬುದನ್ನು ನಾನು ಮರೆತೇ ಹೋಗಿದ್ದೆ.

ಅಂದು ಮೂರನೆಯದಾಗಿ ನೋಡಿದ ಜಾಗ ಯಾರೂ ಹೇಳಿದ್ದಲ್ಲ. ಅಥಣಿಯ ಹೊರಗೆ, ಕೊನೆಯ ಮನೆಗಳಿಂದ ನಡೆದು ಹೋಗುವಷ್ಟು ದೂರದಲ್ಲಿ, ದ್ರಾಕ್ಷಿ ತೋಟದ ಪಕ್ಕ ಒಂದು ಸಾಲು ಕೋಣೆಗಳಿದ್ದವು. ಎತ್ತರದ ಕಟ್ಟೆಯ ಮೇಲೆ ಒಂದು ಒಣ ಉಗ್ರಾಣವೂ ಇತ್ತು. ನೀರು ಕೇಳುವ ನೆಪದಲ್ಲಿ ನಿಂತೆವು. ತೋಟದ ಯಜಮಾನರು ಐವತ್ತು ದಾಟಿದವರು, ದ್ರಾಕ್ಷಿ ಬಳ್ಳಿಯ ಬುಡದಲ್ಲಿ ಕೂತಿದ್ದವರು ಎದ್ದು ಬಂದರು. ಮೊದಲು ಪೂರಾ ಕಬ್ಬು ಇತ್ತಂತೆ, ಆಳುಗಳಿಗಾಗಿ ಕಟ್ಟಿಸಿದ ಏಳು ಮನೆ ಇವು. ಈಗ ಬಹುಪಾಲು ದ್ರಾಕ್ಷಿ, ಸ್ವಲ್ಪ ಕಬ್ಬು, ಮನೆಗಳು ಖಾಲಿ. ಬಾವಿಯ ನೀರು ಕುಡಿದು ನೋಡಿದೆ, ಸಿಹಿಯಾಗಿತ್ತು. ಅಕ್ಕ ಬಟ್ಟಲು ಜಾಲಿಸಿ ಬಿಸಿಲಿಗೆ ಇಟ್ಟರು. ಗಾಜು ಬೆಳ್ಳಗಾಗಲಿಲ್ಲ.

ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿದೆ.

"ಬಾಡಿಗಿ ಬ್ಯಾಡ್ರಿ ಸರ. ನೌಕರಿ ಮಂದಿ ಬಂದ್ರ ನಳಾ ಕೇಳ್ತಾರ, ಸಂಡಾಸ ಕೇಳ್ತಾರ, ಲೈಟ ಹ್ವಾದ್ರ ನನ್ನ ಕೇಳ್ತಾರ. ನನಗ ಬಳ್ಳೀ ನೋಡ್ಕೊಳ್ಳಾಕ ಹೊತ್ತಿಲ್ಲ. ಈ ವರ್ಷ ಗೊಬ್ಬರ ಬ್ಯಾರೆ ಸಿಗವಲ್ದು" ಎಂದರು.

ನಾನು ಹೊರಡಲು ತಿರುಗಿದೆ. ಅಕ್ಕ ತಿರುಗಲಿಲ್ಲ. ತೋಟದಾಚೆ ಕಟಾವಿಗೆ ಬಂದಿದ್ದ ಕಬ್ಬಿನ ಕಡೆ ಕೈ ತೋರಿಸಿದರು.

"ಅಣ್ಣಾರ, ಅದರ ವಾಡಿ ಯಾರ ಒಯ್ತಾರ್ರಿ?"

ವಾಡಿ ಎಂದರೆ ಕಬ್ಬಿನ ತುದಿಯ ಹಸಿರು ಗರಿ. ಕಬ್ಬು ಕಾರ್ಖಾನೆಗೆ ಹೋದರೂ ವಾಡಿ ಕಡಿದವರದ್ದು. ಇದು ನಮ್ಮ ಕಡೆಯ ರೂಢಿ, ಹೊಲದ ಒಡೆಯನೂ ಅದಕ್ಕೆ ಕೈ ಹಚ್ಚುವುದಿಲ್ಲ. ಎಮ್ಮೆಗಳಿಗೆ ಅದಕ್ಕಿಂತ ಒಳ್ಳೆಯ ಮೇವಿಲ್ಲ.

"ಕಡದವರ ಒಯ್ತಾರ. ಅದನ್ಯಾಕ ಕೇಳ್ತಿ, ತಂಗೀ?"

"ಕಡ್ಯಾಕ ನಾವೂ ಬರ್ತೀವ್ರಿ. ಐತವಾರ ಸೂಟಿ ಇರ್ತೈತಿ, ಏಳು ಮನ್ಯಾವ್ರೂ ಕುಡಗೋಲ ಹಿಡೀತೀವಿ. ರೂಢಿ ಪ್ರಕಾರ ವಾಡಿ ನಮಗ. ಹನ್ನೊಂದು ಎಮ್ಮಿ ಹೆಂಡಿ, ವರ್ಷಾನಗಟ್ಲೆ, ನಿಮ್ಮ ಬಳ್ಳೀಗ."

ದ್ರಾಕ್ಷಿಯವರು ಸಗಣಿ ಗೊಬ್ಬರಕ್ಕಾಗಿ ಟ್ರಾಲಿ ತೆಗೆದುಕೊಂಡು ಹಳ್ಳಿ ಹಳ್ಳಿ ತಿರುಗುವ ಕಾಲ ಅದು. ನಾವು ಯಾರು, ಯಾವ ಕಚೇರಿ, ಸಂಬಳ ಎಷ್ಟು ಎಂದು ಯಜಮಾನರು ಕೇಳಲಿಲ್ಲ. "ಹನ್ನೊಂದೂ ದೊಡ್ಡೂವ ಏನು, ಕರಾನೂ ಹಿಡದು ಹೇಳಾಕತ್ತೀರಿ?" ಎಂದು ಕೇಳಿದರು.

"ಕರಾ ಬಿಟ್ಟು ಹನ್ನೊಂದು" ಎಂದಳು ನನ್ನ ಹೆಂಡತಿ.

ಮನೆಯೊಂದಕ್ಕೆ ಬಟ್ಟೆ ವ್ಯಾಪಾರಿ ಕೇಳಿದ್ದರ ಅರ್ಧ ಬಾಡಿಗೆಯಂತೆ ಏಳು ಮನೆ, ಉಗ್ರಾಣ, ಹಿಂದೆ ಬೇವಿನ ಮರಗಳ ಕೆಳಗೆ ಕೊಟ್ಟಿಗೆ ಕಟ್ಟಿಕೊಳ್ಳಲು ಜಾಗ ಎಂದು ಅಲ್ಲೇ ಮಾತಾಯಿತು. ಜೀಪಿನಲ್ಲಿ ವಾಪಸು ಬರುವಾಗ ಮೂವರೂ ಯಾವ ಮನೆ ಯಾರಿಗೆ ಎಂದು ಹಂಚಿಕೊಳ್ಳುತ್ತಿದ್ದರು. ನಾನು ಮುಂದೆ ಕೂತು ಕೇಳಿಸಿಕೊಂಡೆ. ಅಷ್ಟು ಸಮಾಧಾನ ನನಗೆ ಬಹಳ ದಿನಗಳಿಂದ ಆಗಿರಲಿಲ್ಲ.

ಉಗ್ರಾಣಕ್ಕೂ ಮನೆಗಳಿಗೂ ಒಟ್ಟಿಗೆ ಇಲಾಖೆಯ ಹೆಸರಿನಲ್ಲೇ ಕರಾರು ಆಗಬೇಕಿದ್ದರಿಂದ ಬೆಳಗಾವಿಗೆ ನಾನೇ ಹೋಗಿ ಒಪ್ಪಿಸಬೇಕಾಯಿತು. ಮೇಲಧಿಕಾರಿ ನಕಾಶೆ ನೋಡಿ ಹುಬ್ಬು ಗಂಟಿಕ್ಕಿದರು. ಜಾಗ ಪುರಸಭೆಯ ಗಡಿಯ ಹೊರಗಿತ್ತು. ಗಡಿಯ ಹೊರಗಿದ್ದರೆ ನೌಕರರಿಗೆ ಮನೆಬಾಡಿಗೆ ಭತ್ಯೆ ಕಡಿಮೆ.

"ಲ್ಯಾಬ್ ತಗೊಂಡು ಹೋಗಿ ಎಮ್ಮಿ ಕೊಟ್ಟಿಗ್ಯಾಗ ಇಡ್ತೀರೇನ್ರಿ?" ಎಂದರು.

"ಕೊಟ್ಟಿಗಿ ಹಿಂದ, ಲ್ಯಾಬ್ ಮುಂದ್ರಿ. ನಡುವ ಏಳು ಮನಿ. ಭತ್ತೆ ಕಡಿಮಿ ಆದ್ರೂ ನಡೀತೈತಿ ಅಂತ ಎಲ್ಲಾರೂ ಒಪ್ಪ್ಯಾರ."

ಅವರು ಗೋಣು ಅಲ್ಲಾಡಿಸಿದರು. ಕೊನೆಗೆ ಆರು ಸಹಿ ತನ್ನಿ, ನೋಡೋಣ ಎಂದರು. ನಕಾಶೆಯ ಮೇಲೆ ಬೆರಳಿಟ್ಟು ಎಣಿಸಿದರು.

"ಆರು ಮಂದೀಗೆ ಏಳು ಮನಿ ಯಾಕ?"

ಗಾಜು ತೊಳೆಯುವವರಿಗೆ ಎಂದೆ.

"ದಿನಗೂಲಿಗೆ ಮನಿ ಕೊಡಾಕ ನಿಯಮ ಇಲ್ಲ. ಅಥಣ್ಯಾಗ ಗಾಜು ತೊಳ್ಯಾಕ ಯಾರೂ ಸಿಗೂದಿಲ್ಲೇನು? ಆ ಹೆಣ್ಮಗಳನ್ನ ಅಲ್ಲೇ ಉಗಾರದಾಗ ಬಿಡ್ರಿ."

ಅವರು ಕೆಟ್ಟ ಮನುಷ್ಯರಾಗಿರಲಿಲ್ಲ, ನಿಯಮ ಹೇಳಿದರು ಅಷ್ಟೇ. ನಾನು ಹೂಂ ಎಂದು ಎದ್ದು ಬಂದೆ. ಆ ಹೂಂ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನನ್ನು ಕೊರೆಯಿತು. ಜಾಗ ಹುಡುಕಿದವರು ಅಕ್ಕ. ಅವರ ಒಂದು ಮಾತಿನಿಂದ ಆರು ಸಂಸಾರಗಳಿಗೆ ದಾರಿಯಾಯಿತು. ಆ ದಾರಿಯಲ್ಲಿ ಅವರಿಗೇ ಕಾಲಿಡಲು ಎಡೆ ಇರಲಿಲ್ಲ. ಕೂಲಿಯಲ್ಲಿ ಬೇರೆ ಮನೆ ಹಿಡಿದು, ಎಮ್ಮೆ ಮಾರಿ, ಮಗಳನ್ನು ಓದಿಸುತ್ತ ಇನ್ನೊಂದು ವರ್ಷ ತಳ್ಳುವುದು ಆಗದ ಮಾತು.

ಕೇಂದ್ರದಲ್ಲಿ ಒಪ್ಪಿಗೆಯ ಹಾಳೆಯ ಮೇಲೆ ಆಗಲೇ ಐದು ಸಹಿ ಬಿದ್ದಿದ್ದವು. ನನ್ನದೊಂದೇ ಬಾಕಿ. ಪೆನ್ನು ತೆಗೆದೆ, ಮತ್ತೆ ಇಟ್ಟೆ. ಐದೇ ಸಹಿಯಾದರೆ ಹಾಳೆಗೆ ಬೆಲೆಯಿಲ್ಲ, ಕೇಂದ್ರವೂ ಇಲ್ಲ. ಆ ಅಧಿಕಾರ ನನ್ನ ಕೈಯಲ್ಲಿರುವುದು ನನಗೆ ಅಂದೇ ಹೊಳೆದದ್ದು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಹೆಚ್ಚುಕಡಿಮೆಯಾದರೆ ಬೆಳಗಾವಿಗೆ ಹೋಗಬೇಕಾಗುತ್ತದೆ, ಎಮ್ಮೆ ಹೋದೀತು ಎಂದೆ. "ಆಕೀನ್ನ ಬಿಟ್ಟು ಆಕಿ ಹುಡುಕಿದ ಮನ್ಯಾಗ ಹೆಂಗ ಇರೂದ್ರಿ?" ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು.

ಬೆಳಿಗ್ಗೆ ಸ್ಕೇಲು ಇಟ್ಟು ಹಾಳೆಯಲ್ಲಿ ಇನ್ನೊಂದು ಸಾಲು ಎಳೆದೆ. ಅಕ್ಕನ ಹೆಸರು, ಕೆಲಸ, ಸೇವೆಯ ವರ್ಷ ಬರೆದೆ. ಈ ಸಾಲಿನವರಿಗೂ ಮನೆ ಮಂಜೂರಾದರೆ ಮಾತ್ರ ಕೆಳಗಿನ ನನ್ನ ಸಹಿಗೆ ಬೆಲೆ, ಇಲ್ಲವಾದರೆ ಐದೇ ಎಂದು ತಿಳಿಯಬೇಕು ಎಂದು ಅಂಚಿನಲ್ಲಿ ಸೇರಿಸಿದೆ. ಮೇಲಿನವರಿಗೆ ನಾನು ಅಲ್ಲಿಯವರೆಗೆ ಷರತ್ತು ಹಾಕಿದವನಲ್ಲ.

ಸಂಕ್ರಾಂತಿಗೆ ಮೊದಲೇ ಏಳು ಮನೆಗಳಿಗೂ ಮಂಜೂರಾತಿ ಬಂತು. ಹನ್ನೊಂದು ಎಮ್ಮೆಗಳು ಅಥಣಿಗೆ ನಡೆದೇ ಹೋದವು. ಅಕ್ಕ ಮರುವರ್ಷ ಖಾಯಂ ಆದರು. ಮೇಲಧಿಕಾರಿ ನನ್ನ ಷರತ್ತಿನ ಬಗ್ಗೆ ಆಮೇಲೆ ಒಂದು ಮಾತನ್ನೂ ಎತ್ತಲಿಲ್ಲ. ಆ ಹಾಳೆ ಅವರ ಕೈ ಸೇರಿದಾಗ ಅವರು ಓದಿದ್ದು ಬರೀ ನನ್ನ ಷರತ್ತನ್ನಲ್ಲ ಎಂದು ನನಗೆ ಗೊತ್ತು.

ಏಕೆಂದರೆ ಆ ಸಾಲು ಬರೆದ ದಿನವೇ ಅಕ್ಕನನ್ನು ಕರೆದು ಶಾಯಿಯ ಪೆಟ್ಟಿಗೆ ಮುಂದಿಟ್ಟೆ. ಅವರಿಗೆ ಓದು ಬರುತ್ತಿರಲಿಲ್ಲ. ಹೆಬ್ಬೆರಳನ್ನು ಶಾಯಿಗೆ ಒತ್ತಿ ಹಾಳೆಯ ಮೇಲೆ ಊರಿದರು. ಎತ್ತಿದಾಗ ಅಲ್ಲಿ ಒಂದು ನೀಲಿ ಬೊಟ್ಟು ಇತ್ತು. ಒಂದು ಗೆರೆಯೂ ಇರಲಿಲ್ಲ. ಶಾಯಿ ಹೆಚ್ಚಾಯಿತೇನೋ ಎಂದು ಒರೆಸಿ ಮತ್ತೆ ಒತ್ತಿಸಿದೆ. ಮತ್ತೂ ಅದೇ ನುಣ್ಣನೆಯ ಬೊಟ್ಟು. ಇನ್ನೊಂದು ಕೈ ನೋಡೋಣ ಎಂದೆ.

"ಅದೂ ಬರೂದಿಲ್ರಿ. ರೇಷನ್ ಅಂಗಡ್ಯಾಗೂ ಬಂದಿಲ್ಲ" ಎಂದರು ಅಕ್ಕ, ಹೊಸ ಸಂಗತಿಯೇನಲ್ಲ ಎಂಬಂತೆ.

ಅವರ ಕೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದೆ. ಬೆರಳ ತುದಿಗಳೆಲ್ಲ ಸವೆದು ಹೊಳೆಯುತ್ತಿದ್ದವು. ಒಂಬತ್ತು ವರ್ಷ ಅವರು ತೊಳೆದಿಟ್ಟ ಗಾಜನ್ನು ಒಂದೊಂದಾಗಿ ಹೀಗೆಯೇ ಬೆಳಕಿಗೆ ಹಿಡಿದು ನೋಡಿದ್ದೆ. ಕೈಯನ್ನು ಒಮ್ಮೆಯೂ ನೋಡಿರಲಿಲ್ಲ. ಆ್ಯಸಿಡ್ ತರಿಸಲು ಪ್ರತಿ ಸಲ ಸಹಿ ಹಾಕಿದವನು ನಾನೇ. ಕೈಗವಸು ಎಂಬ ಶಬ್ದ ನನ್ನ ಯಾವ ಬೇಡಿಕೆ ಪಟ್ಟಿಯಲ್ಲೂ ಇರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಗೆರೆಯಿಲ್ಲದ ಹೆಬ್ಬೆಟ್ಟಿಗೆ ಅಧಿಕಾರಿಯ ದೃಢೀಕರಣ ಬೇಕು. ಬೊಟ್ಟಿನ ಪಕ್ಕದಲ್ಲಿ ಬರೆದೆ: 'ಇದು ಒಂಬತ್ತು ವರ್ಷದಿಂದ ನಮ್ಮಲ್ಲಿ ಗಾಜು ತೊಳೆಯುತ್ತಿರುವವರ ಹೆಬ್ಬೆರಳು. ಇದರಲ್ಲಿ ಗೆರೆ ಇಲ್ಲದಿರಲು ನಮ್ಮ ಕೆಲಸವೇ ಕಾರಣ.'

"ಏನ ಬರದ್ರಿ?" ಎಂದು ಕೇಳಿದರು. ಓದಿ ಹೇಳಿದೆ.

ಅಕ್ಕ ಹೆಬ್ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಂಡರು. "ಕೆಲಸಾ ಅನಬ್ಯಾಡ್ರಿ" ಎಂದರು. "ಆ್ಯಸಿಡ್ ಅಂತ ಬರೀರಿ. ನನ್ನ ಹಿಂದ ಬರೂಕಿಗೆ ಗೊತ್ತಾಗ್ಲಿ."

ನಾನು ಕೆಲಸ ಎಂಬುದನ್ನು ಹೊಡೆದುಹಾಕಿ ಆ್ಯಸಿಡ್ ಎಂದು ಬರೆದೆ. ಅದರ ಕೆಳಗೆ ನನ್ನ ಸಹಿ ಹಾಕಿದೆ.